ಬೀಟ್ ಕಟ್ಟಿದವರ ಹೆಸರನ್ನೂ ಅಚ್ಚು ಹಾಕಿ

ಸಂಪಾದಕರಿಗೆ,
ವಾಚಕರ ಪತ್ರ ವಿಭಾಗ

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಕೇಳಲೇಬೇಕಾದ ಹಿಪ್‌ಹಾಪ್ (ಅಂದರೆ ತಾಳಕ್ಕೆ ಮಾತು ಹೆಣೆಯುವ ರ‍್ಯಾಪ್) ಹಾಡುಗಳ ಕುರಿತ ಬರಹವನ್ನು ಆಸಕ್ತಿಯಿಂದ ಓದಿದೆ. ಕನ್ನಡ ಪತ್ರಿಕೆಯೊಂದು ಈ ಸಂಗೀತಕ್ಕೆ ಮುಕ್ಕಾಲು ಪುಟ ಕೊಟ್ಟದ್ದು ನನ್ನಂಥವರಿಗೆ ಸಂತೋಷದ ಸಂಗತಿಯೇ. ಹಾಡುಗಳ ಆಯ್ಕೆಯ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಆಯ್ಕೆ ಎಂದ ಮೇಲೆ ಒಬ್ಬರಿಗೆ ರುಚಿಸಿದ್ದು ಇನ್ನೊಬ್ಬರಿಗೆ ರುಚಿಸದಿರುವುದು ಇದ್ದದ್ದೇ. ಆದರೆ ಹಾಡಿದವರ ಹೆಸರು, ಅವರು ಹುಟ್ಟಿ ಬೆಳೆದ ಕೇರಿ, ಕೊರಳಿಗೆ ಹಾಕಿಕೊಂಡ ಚಿನ್ನದ ಸರ, ಪರಸ್ಪರ ಮಾಡಿಕೊಂಡ ಜಗಳ ಎಲ್ಲವನ್ನೂ ವಿವರವಾಗಿ ಹೇಳಿದ ಆ ಬರಹದಲ್ಲಿ, ಆ ಹಾಡುಗಳ ಸಂಗೀತವನ್ನು, ಅಂದರೆ ಮಾತಿನ ಹಿಂದೆ ನುಡಿಯುವ ಬೀಟ್ ಅನ್ನು, ಕಟ್ಟಿದ ಒಬ್ಬನೇ ಒಬ್ಬ ಪ್ರೊಡ್ಯೂಸರ್‌ನ ಹೆಸರೂ ಇರಲಿಲ್ಲ. ಇದು ಆ ಲೇಖಕರೊಬ್ಬರ ಮರೆವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಕನ್ನಡದಲ್ಲಿ ಹಿಪ್‌ಹಾಪ್ ಬಗ್ಗೆ ಬರುವ ಹೆಚ್ಚಿನ ಬರಹಗಳೂ, ಟಿವಿ ಕಾರ್ಯಕ್ರಮಗಳೂ ಇದೇ ದಾರಿ ಹಿಡಿದಿವೆ.

ವಿಚಿತ್ರವೆಂದರೆ, ಸಂಗೀತ ಕಟ್ಟಿದವರನ್ನು ಗೌರವಿಸುವುದನ್ನು ಕನ್ನಡ ಕೇಳುಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಅವರ ಹೆಸರು ಹೇಳಿ ಹಾಡು ಗುರುತಿಸುವ ಜನ ನಾವು. ಹಂಸಲೇಖ ಅವರ ಕಾಲದಲ್ಲಿ ಕ್ಯಾಸೆಟ್ ಕೊಳ್ಳುವ ಮುನ್ನ ಅದನ್ನು ಹಿಂದೆ ತಿರುಗಿಸಿ, ಸಂಗೀತ ಯಾರದೆಂದು ನೋಡಿಯೇ ಗಲ್ಲಾಕ್ಕೆ ದುಡ್ಡು ಕೊಡುತ್ತಿದ್ದೆವು. ಹಾಡಿದವರು ಎಷ್ಟೇ ದೊಡ್ಡವರಿರಲಿ, ಹಾಡು ಸಂಗೀತ ನಿರ್ದೇಶಕರದು ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿತ್ತು. ಅದೇ ಜನ ರ‍್ಯಾಪ್ ವಿಷಯ ಬಂದಾಗ ಮಾತ್ರ ಬಾಯಿಯನ್ನಷ್ಟೇ ನೋಡಿ, ಕೈಯನ್ನು ಮರೆಯುವುದೇಕೆ?

ನನ್ನ ಮಾತಿಗೆ ಏನು ಆಧಾರವೆಂದು ತಾವು ಕೇಳಬಹುದು. ನಾನು ದಾವಣಗೆರೆಯಲ್ಲಿ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವವನು. ಮದುವೆ, ಕಾಲೇಜು ವಾರ್ಷಿಕೋತ್ಸವ, ನಾಟಕ, ರಾಜಕೀಯ ಸಭೆ, ಗಣಪತಿ ಮೆರವಣಿಗೆ ಹೀಗೆ ಊರಿನ ಎಲ್ಲ ಸದ್ದೂ ಒಂದಲ್ಲ ಒಂದು ದಿನ ನನ್ನ ಆಂಪ್ಲಿಫೈಯರ್ ಮೂಲಕ ಹಾದುಹೋಗಿದೆ. ತೊಂಬತ್ತರ ದಶಕದಲ್ಲಿ ನಮ್ಮೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಬಾಬಾ ಸೆಹಗಲ್ ಅವರ 1992ರ ಆಲ್ಬಂ ಬಂದಾಗ, 1994ರಲ್ಲಿ ಎ.ಆರ್. ರೆಹಮಾನ್ ಅವರ ತಮಿಳು ಚಿತ್ರದ ರ‍್ಯಾಪ್ ಹಾಡು ಬಂದಾಗ ಈ ಶೈಲಿಯ ಹುಚ್ಚು ಹತ್ತಿತು. ಅಮೆರಿಕದ ಹಾಡುಗಳು ಬೆಂಗಳೂರಿಗೆ ಓದಲು ಹೋದವರ ಚೀಲದಲ್ಲಿ, ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡ ರೂಪದಲ್ಲಿ ಊರಿಗೆ ಬರುತ್ತಿದ್ದವು. ಅವುಗಳ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡುಗಾರನ ಹೆಸರಷ್ಟೇ ಇರುತ್ತಿತ್ತು. ಸಂಗೀತ ಕಟ್ಟಿದವರು ಯಾರೆಂದು ತಿಳಿಯಲು ಇಂಟರ್‌ನೆಟ್ ಬರುವವರೆಗೆ ಕಾಯಬೇಕಾಯಿತು. ಕದ್ದು ತುಂಬಿಸಿದ ಕ್ಯಾಸೆಟ್ಟಿನಲ್ಲಿ ಹೆಸರಿಲ್ಲದಿದ್ದರೆ ಅರ್ಥವಾಗುತ್ತದೆ, ಪ್ರಾಮಾಣಿಕವಾಗಿ ಅಚ್ಚಾಗುವ ಪತ್ರಿಕೆಯಲ್ಲಿ ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಹಿಪ್‌ಹಾಪ್ ಹುಟ್ಟಿದ್ದೇ ಧ್ವನಿವರ್ಧಕದ ಹಿಂದೆ ನಿಂತವನಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಠಾರದ ಸಭಾಕೋಣೆಯಲ್ಲಿ ತನ್ನ ತಂಗಿ ಸಿಂಡಿ ಏರ್ಪಡಿಸಿದ ಪಾರ್ಟಿಗೆ ಹಾಡು ಹಾಕಿದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹದಿನೆಂಟರ ಯುವಕ, ಅಂದರೆ ಡಿಜೆ ಕೂಲ್ ಹರ್ಕ್, ಜಮೈಕಾದಿಂದ ಬಂದವರು. ಬೀದಿಯಲ್ಲಿ ದೊಡ್ಡ ಸ್ಪೀಕರ್ ನಿಲ್ಲಿಸಿ ಕುಣಿಸುವ ಜಮೈಕಾದ ಪದ್ಧತಿಯನ್ನು ಬಾಲ್ಯದಲ್ಲೇ ಕಂಡವರು. ಹಾಡು ಪೂರ್ತಿ ನಡೆಯುವಾಗ ಸುಮ್ಮನಿದ್ದ ಜನ, ಎಲ್ಲ ವಾದ್ಯಗಳೂ ನಿಂತು ಡ್ರಮ್ ಒಂದೇ ಉಳಿಯುವ ಕೆಲವು ಕ್ಷಣಗಳಲ್ಲಿ ಹುಚ್ಚೆದ್ದು ಕುಣಿಯುವುದನ್ನು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಶುರುಮಾಡಿ, ಕೆಲವು ಸೆಕೆಂಡುಗಳ ಡ್ರಮ್ ಅನ್ನು ನಿಮಿಷಗಟ್ಟಲೆ ಎಳೆದರು. ಪಕ್ಕದಲ್ಲಿ ಮೈಕ್ ಹಿಡಿದು ಜನರನ್ನು ಹುರಿದುಂಬಿಸುತ್ತಿದ್ದ ಕೋಕ್ ಲಾ ರಾಕ್ ಆಗ ಡಿಜೆಯ ಸಹಾಯಕ ಮಾತ್ರ.

ಅವರ ನಂತರ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮೇಲೆ ನನಗೆ, ನನ್ನ ಕಸುಬಿನ ಕಾರಣಕ್ಕೆ, ವಿಶೇಷ ಅಭಿಮಾನ. ಎಲೆಕ್ಟ್ರಾನಿಕ್ಸ್ ಕಲಿತಿದ್ದ ಅವರು, ಜನರಿಗೆ ಒಂದು ರೆಕಾರ್ಡ್ ಕೇಳಿಸುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನ್‌ನಲ್ಲಿ ತಾವೊಬ್ಬರೇ ಕೇಳಿಕೊಳ್ಳುವ ಸ್ವಿಚ್ಚನ್ನು ಕೈಯಾರೆ ಜೋಡಿಸಿಕೊಂಡರು. ತುಣುಕು ಶುರುವಾಗುವ ಜಾಗವನ್ನು ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಮಾಡಿ, ತಟ್ಟೆ ಎಷ್ಟು ಸುತ್ತು ಹಿಂದೆ ತಿರುಗಬೇಕೆಂಬುದನ್ನು ಲೆಕ್ಕ ಹಾಕಿದರು. ಬೆರಳಿನ ಈ ಲೆಕ್ಕಾಚಾರದ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಆದರೆ 1979ರಲ್ಲಿ ಹಿಪ್‌ಹಾಪ್ ಅಂಗಡಿಗೆ ಬಂದಾಗ ಮೊದಲು ಹೊರಗೆ ಉಳಿದವನು ಈ ಡಿಜೆಯೇ. ಸಿಲ್ವಿಯಾ ರಾಬಿನ್‌ಸನ್ ಎಂಬ ಚಾಣಾಕ್ಷ ಮಹಿಳೆ ಶುಗರ್‌ಹಿಲ್ ಗ್ಯಾಂಗ್ ತಂಡದಿಂದ ಹಾಡಿಸಿದ ಮೊದಲ ದೊಡ್ಡ ಯಶಸ್ವಿ ರೆಕಾರ್ಡಿನಲ್ಲಿ ಟರ್ನ್‌ಟೇಬಲ್ಲಿನ ಡಿಜೆ ಇರಲಿಲ್ಲ, ಷಿಕ್ ತಂಡದ ಹಾಡೊಂದರ ಧಾಟಿಯನ್ನು ಸ್ಟುಡಿಯೋ ವಾದಕರು ನುಡಿಸಿದರು. ಷಿಕ್ ತಂಡದವರು ಕಾನೂನಿನ ಮಾತೆತ್ತಿದ ಮೇಲೆ ಅವರ ಹೆಸರು ಸೇರಿತು. ಅದರ ಒಂದು ಭಾಗದ ಸಾಹಿತ್ಯವಂತೂ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬೇರೊಬ್ಬ ಕವಿಯದು; ಅವರ ಇನ್ನೊಂದು ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವ ಸಾಲು ಸಹ ಹಾಗೆಯೇ ಉಳಿದುಕೊಂಡಿದೆ, ಹೆಸರು ಮಾತ್ರ ಲೇಬಲ್ಲಿನಲ್ಲಿ ಇಲ್ಲ. 1982ರಲ್ಲಿ ಬಡತನದ ಬೀದಿಗಳನ್ನು ಚಿತ್ರಿಸಿದ ಪ್ರಸಿದ್ಧ ಹಾಡು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಹೆಸರಿನಲ್ಲಿ ಬಂತು. ಆದರೆ ಅದನ್ನು ರೂಪಿಸಿದವರು ಎಡ್ ಫ್ಲೆಚರ್ ಮತ್ತು ಮೆಲಿ ಮೆಲ್. ಅದರಲ್ಲಿ ಫ್ಲ್ಯಾಶ್ ಅವರ ಕೈವಾಡ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ರೋಗ ಈ ಸಂಗೀತಕ್ಕೆ ತೊಟ್ಟಿಲಿನಿಂದಲೇ ಅಂಟಿದ್ದು.

ಎಂಬತ್ತರ ದಶಕದ ನಡುವೆ ಪ್ರೊಡ್ಯೂಸರ್‌ಗಳ ಕಾಲ ಬಂತು. ಕ್ವೀನ್ಸ್‌ನ ಮಾರ್ಲಿ ಮಾರ್ಲ್ ಹಳೆಯ ರೆಕಾರ್ಡಿನಿಂದ ಬರೀ ಡ್ರಮ್ಮಿನ ಒಂದೊಂದೇ ಪೆಟ್ಟನ್ನು ಬಿಡಿಸಿಕೊಂಡು, ಬೇಕಾದ ಕಡೆ ಬೇಕಾದ ಹಾಗೆ ಜೋಡಿಸಬಹುದೆಂದು ತೋರಿಸಿಕೊಟ್ಟರು. 1987ರಲ್ಲಿ ಬಂದ, ಸದ್ದಿನ ತುಣುಕುಗಳನ್ನು ತುಂಬಿಸಿಕೊಂಡು ನುಡಿಸುವ ಎಸ್‌ಪಿ-1200 ಎಂಬ ಯಂತ್ರದ ಒಟ್ಟು ನೆನಪಿನ ಶಕ್ತಿ ಹತ್ತು ಸೆಕೆಂಡು ಮಾತ್ರ. ಅಷ್ಟರಲ್ಲಿ ಇಡೀ ಹಾಡಿಗೆ ಬೇಕಾದ ಸರಕನ್ನು ತುರುಕಬೇಕು. ಅದಕ್ಕೆ ಆ ಹುಡುಗರು ಕಂಡುಕೊಂಡ ಉಪಾಯ ನೋಡಿ: ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಬೇಗಬೇಗ ತುಂಬಿಸಿಕೊಳ್ಳುವುದು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನಗೊಳಿಸುವುದು. ಹೀಗೆ ಮಾಡಿದಾಗ ಸದ್ದು ಸ್ವಲ್ಪ ಒಡೆದು, ಮರಳು ಬೆರೆತ ಹಾಗೆ ಒರಟಾಗುತ್ತದೆ. ಆ ಕಾಲದ ನ್ಯೂಯಾರ್ಕ್ ಹಾಡುಗಳ ಆ ಒರಟುತನಕ್ಕೆ ಈಗಿನವರು ಕಂಪ್ಯೂಟರಿನಲ್ಲಿ ಎಷ್ಟು ಹೆಣಗುತ್ತಾರೆಂಬುದನ್ನು ಬಲ್ಲವರೇ ಬಲ್ಲರು. ಮರುವರ್ಷ ರೋಜರ್ ಲಿನ್ ಅವರು ಅಕಾಯ್ ಕಂಪನಿಗಾಗಿ ವಿನ್ಯಾಸ ಮಾಡಿದ ಎಂಪಿಸಿ-60 ಬಂತು. ರಬ್ಬರಿನ ಹದಿನಾರು ಮನೆಗಳ ಮೇಲೆ ಬೆರಳಿನಿಂದ ತಟ್ಟಿ ನುಡಿಸುವ ಆ ಪೆಟ್ಟಿಗೆಯನ್ನು ವಾದ್ಯವೆಂದು ಕರೆಯಲು ಹಿಂಜರಿಯುವವರು ಅದನ್ನು ನುಡಿಸುವವರ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಪಬ್ಲಿಕ್ ಎನಿಮಿ ತಂಡದ 1988ರ ಆಲ್ಬಂ ಹಿಂದೆ ಇದ್ದ ಬಾಂಬ್ ಸ್ಕ್ವಾಡ್ ಎಂಬ ಪ್ರೊಡ್ಯೂಸರ್ ಗುಂಪು ಹತ್ತಾರು ತುಣುಕುಗಳನ್ನು ಒಂದರ ಮೇಲೊಂದು ಹೇರಿ, ಪೊಲೀಸ್ ಸೈರನ್ನಿನಂಥ ಕೂಗನ್ನೂ ಸಂಗೀತ ಮಾಡಿತು. ನನಗೆ ಅದು ಬಹಳ ಇಷ್ಟ. ಆದರೆ ನಮ್ಮ ಸಮುದಾಯ ಭವನಗಳ ಬೋಳು ಗೋಡೆಗಳ ನಡುವೆ ಅದನ್ನು ಹಾಕಿದರೆ ಎಲ್ಲ ಸದ್ದೂ ಕಲಸಿಹೋಗಿ ಬರೀ ಗದ್ದಲವಾಗುತ್ತದೆ. ಅದನ್ನು ಹೆಡ್‌ಫೋನ್‌ನಲ್ಲಿಯೇ ಕೇಳಬೇಕು. ಇದಕ್ಕೆ ನೇರ ಎದುರು ನಿಲ್ಲುವವರು ಲಾಸ್ ಏಂಜಲೀಸ್‌ನ ಡಾ. ಡ್ರೆ. ಅವರ 1992ರ ಆಲ್ಬಂ ಇಂದಿಗೂ ನನ್ನ ಕಸುಬಿನ ಒರೆಗಲ್ಲು. ಮದುವೆಗೆ ಸ್ಪೀಕರ್ ಕಟ್ಟಿದ ಮೇಲೆ, ಜನ ಬರುವ ಮುನ್ನ, ಖಾಲಿ ಭವನದಲ್ಲಿ ಮೆಲ್ಲಗೆ ಅದರದೊಂದು ಹಾಡು ಹಾಕುತ್ತೇನೆ. ಬೇಸ್ ನೆಲದಲ್ಲಿ ಉರುಳಬೇಕು, ಮೇಲಿನ ಸಣ್ಣ ಶಿಳ್ಳೆಯಂಥ ಸಿಂಥಸೈಜರ್ ಕಿವಿಗೆ ಚುಚ್ಚದೆ ತೇಲಬೇಕು, ಮಾತು ನಡುವೆ ಸ್ವಚ್ಛವಾಗಿ ನಿಲ್ಲಬೇಕು. ಮೂರರಲ್ಲಿ ಒಂದು ಎಡವಿದರೂ ತಪ್ಪು ನನ್ನ ಜೋಡಣೆಯದು, ಡ್ರೆ ಅವರದಲ್ಲ. ಹಳೆಯ ರೆಕಾರ್ಡಿನ ತುಣುಕನ್ನು ನೇರವಾಗಿ ಎತ್ತಿಕೊಳ್ಳುವುದರ ಬದಲು ಹೆಚ್ಚಾಗಿ ಅದೇ ಧಾಟಿಯನ್ನು ವಾದಕರಿಂದ ಮತ್ತೆ ನುಡಿಸಿಕೊಂಡದ್ದರಿಂದ ಪ್ರತಿ ವಾದ್ಯವೂ ಅವರ ಅಂಕೆಯಲ್ಲಿತ್ತು. ಸ್ನೂಪ್ ಡಾಗ್, ಎಮಿನೆಮ್, 50 ಸೆಂಟ್ ಮೂವರನ್ನೂ ಲೋಕಕ್ಕೆ ತೋರಿಸಿದ ಕಿವಿ ಅದೇ.

ಹಾಗೆಂದು ನನ್ನ ಮನಸ್ಸಿನಲ್ಲಿ ಮೊದಲ ಸ್ಥಾನ ಡ್ರೆ ಅವರದಲ್ಲ. ಅದು ಡೆಟ್ರಾಯಿಟ್‌ನ ಜೇಮ್ಸ್ ಯಾನ್ಸಿ, ಅಂದರೆ ಜೆ ಡಿಲಾ ಅವರದು. ಯಂತ್ರದಲ್ಲಿ ಬಾರಿಸಿದ ಪೆಟ್ಟನ್ನು ಗಡಿಯಾರದ ಲೆಕ್ಕಕ್ಕೆ ತಾನಾಗಿ ಸರಿಪಡಿಸುವ ವ್ಯವಸ್ಥೆ ಇರುತ್ತದೆ, ಎಲ್ಲರೂ ಅದನ್ನು ಬಳಸುತ್ತಿದ್ದರು. ಡಿಲಾ ಎಷ್ಟೋ ಕಡೆ ಅದರ ಹಂಗು ತೊರೆದು, ಒಂದು ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ, ಇನ್ನೊಂದನ್ನು ಕೂದಲೆಳೆಯಷ್ಟು ಮುಂಚೆ ಬೀಳಿಸಿದರು. ತಾಳ ತಪ್ಪುವುದಿಲ್ಲ, ಆದರೆ ತಪ್ಪೀತೆಂಬ ಭಯ ಕೇಳುವವನ ಮೈಯಲ್ಲಿ ಉಳಿಯುತ್ತದೆ. ಆ ತೂಗಾಟದಲ್ಲೇ ಅವರ ಸೊಗಸು. ನಮ್ಮ ಕಡೆ ಡೊಳ್ಳಿನ ಮೇಳದಲ್ಲಿ ಹಳೆಯ ಕೈಯೊಂದು ಉಳಿದವರಿಗಿಂತ ತುಸು ಹಿಂದೆ ನಿಂತು ಇಡೀ ಮೇಳವನ್ನು ಜಗ್ಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ರಕ್ತದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. ಮಾತೇ ಇಲ್ಲದ, ಬರೀ ಬೀಟ್‌ಗಳ ಅವರ ಆಲ್ಬಂ 2006ರ ಫೆಬ್ರುವರಿ 7ರಂದು, ಅವರ 32ನೇ ಹುಟ್ಟುಹಬ್ಬದ ದಿನ ಹೊರಬಂತು. ಫೆಬ್ರುವರಿ 10ರಂದು ಅವರು ತೀರಿಕೊಂಡರು. ಅವರು ಬಳಸುತ್ತಿದ್ದ ಎಂಪಿಸಿ-3000 ಯಂತ್ರ ಈಗ ವಾಷಿಂಗ್ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ತಮ್ಮ ಲೇಖನದಲ್ಲಿ ಅವರಿಗೆ ಒಂದು ಸಾಲೂ ಸಿಗಲಿಲ್ಲ.

ಡಿಜೆ ಪ್ರೀಮಿಯರ್, ಪೀಟ್ ರಾಕ್, ವು-ಟ್ಯಾಂಗ್ ತಂಡದ ರಿಝಾ, ಮ್ಯಾಡ್‌ಲಿಬ್ ಇವರ ಬಗ್ಗೆ ಬರೆಯಹೊರಟರೆ ಪತ್ರ ಮುಗಿಯದು. ಒಂದು ಮಾತು ಮಾತ್ರ ಹೇಳುತ್ತೇನೆ. ಹಾಡುಗಾರ ನಾಸ್ ಅವರ 1994ರ ಮೊದಲ ಆಲ್ಬಂ ಬಹುಜನರ ಪಟ್ಟಿಯಲ್ಲಿ ಮೊದಲು ನಿಲ್ಲುತ್ತದೆ, ನಿಲ್ಲಲಿ. ಆದರೆ ಅದರಲ್ಲಿ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್ ಹೀಗೆ ಘಟಾನುಘಟಿಗಳೆಲ್ಲ ಕೂಡಿದ್ದನ್ನು ಕಂಡು, ಅಂದಿನಿಂದ ಪ್ರತಿ ಆಲ್ಬಂಗೂ ಹತ್ತು ಕಡೆಯಿಂದ ಹತ್ತು ಬೀಟ್ ಕೊಂಡು ತರುವ ಚಾಳಿ ಬೆಳೆಯಿತು. ಒಬ್ಬ ಮಾತುಗಾರ, ಒಬ್ಬ ಬೀಟ್‌ಗಾರ ಎಂಬ ಜೋಡಿಯೇ ನನಗೆ ಹೆಚ್ಚು ಹಿಡಿಸುತ್ತದೆ. ಗುರು ಮತ್ತು ಪ್ರೀಮಿಯರ್ ಜೋಡಿಯ ಗ್ಯಾಂಗ್ ಸ್ಟಾರ್, ಪೀಟ್ ರಾಕ್ ಮತ್ತು ಸಿಎಲ್ ಸ್ಮೂತ್, 2004ರಲ್ಲಿ ಎಂಎಫ್ ಡೂಮ್ ಮತ್ತು ಮ್ಯಾಡ್‌ಲಿಬ್ ಕೂಡಿ ಮಾಡಿದ ಆಲ್ಬಂ ಇವುಗಳಲ್ಲಿ ಕಾಣುವ ಒಗ್ಗಟ್ಟು ಸಂತೆಯ ಸರಕಿನಲ್ಲಿ ಬಾರದು.

ಹಾಡುಗಾರರನ್ನು ನಾನು ಕೀಳಾಗಿ ಕಾಣುತ್ತೇನೆಂದು ಯಾರೂ ಭಾವಿಸಬಾರದು. ಪ್ರಾಸವನ್ನು ಸಾಲಿನ ಕೊನೆಯಿಂದ ಒಳಕ್ಕೆ ತಂದ ರಾಕಿಮ್, ಸ್ಯಾಕ್ಸೊಫೋನ್ ನುಡಿಸುತ್ತಿದ್ದವರಾದ್ದರಿಂದಲೋ ಏನೋ, ಮಾತನ್ನು ತಾಳದ ಹಿಂದೆ ಮುಂದೆ ಜಾರಿಸುವುದನ್ನು ಎಲ್ಲರಿಗೂ ಕಲಿಸಿದರು. ನಮ್ಮೂರ ಹುಡುಗರ ಟೀ ಶರ್ಟುಗಳ ಮೇಲೆ ಟೂಪಾಕ್ ಚಿತ್ರವೇ ಹೆಚ್ಚು. ಅವರ ಆವೇಶವನ್ನು ನಾನೂ ಮೆಚ್ಚುತ್ತೇನೆ, ಆದರೆ ಕುಸುರಿ ಕೆಲಸದಲ್ಲಿ ಅವರ ಸಮಕಾಲೀನ ಬಿಗ್ಗಿ ಒಂದು ತೂಕ ಹೆಚ್ಚೆಂದು ನನ್ನ ಅಭಿಪ್ರಾಯ. 1996ರಲ್ಲಿ ಟೂಪಾಕ್, 1997ರಲ್ಲಿ ಬಿಗ್ಗಿ ಗುಂಡಿಗೆ ಬಲಿಯಾದ ಮೇಲೆ ಈ ಚರ್ಚೆಗೆ ಕಣ್ಣೀರು ಸೇರಿ ನ್ಯಾಯ ತೀರ್ಮಾನ ಕಷ್ಟವಾಗಿದೆ. ಎಮಿನೆಮ್ ಅವರ ವೇಗವನ್ನೇ ಪ್ರತಿಭೆಯ ಅಳತೆಗೋಲು ಮಾಡಿಕೊಂಡ ನಮ್ಮ ಹುಡುಗರು ಉಸಿರು ಕಟ್ಟಿ ಓಡುವುದನ್ನು ಕಲಿತರೇ ಹೊರತು ನಿಲ್ಲುವುದನ್ನು ಕಲಿಯಲಿಲ್ಲ. ಕಾನ್ಯೆ ವೆಸ್ಟ್ ಅವರು ಸೋಲ್ ಎಂಬ ಕಪ್ಪು ಅಮೆರಿಕನ್ನರ ಗಾಯನ ಶೈಲಿಯ ಹಳೆಯ ಹಾಡುಗಳನ್ನು ವೇಗವಾಗಿ ಓಡಿಸಿ ಕಟ್ಟಿದ ಬೀಟ್‌ಗಳು ಈಗಲೂ ನನಗೆ ಪ್ರಿಯ. 2022ರಿಂದ ಯಹೂದ್ಯರ ಬಗ್ಗೆ ಅವರು ಆಡಿದ ಮಾತುಗಳು ಅಸಹ್ಯ. ಬೀಟ್ ಚೆನ್ನಾಗಿದೆಯೆಂದು ಅದನ್ನು ಮಾಫಿ ಮಾಡಲಾಗದು. ಮಿಸ್ಸಿ ಎಲಿಯಟ್ ಮತ್ತು ಟಿಂಬಲ್ಯಾಂಡ್ ಜೋಡಿ 2001ರಲ್ಲಿ ಪಂಜಾಬಿನ ತುಂಬಿ ಎಂಬ ಒಂಟಿ ತಂತಿಯ ವಾದ್ಯದಂಥ ನಾದವನ್ನು ಅಮೆರಿಕದ ರೇಡಿಯೋಗೆ ನುಗ್ಗಿಸಿದ್ದು ನಮ್ಮವರಿಗೆ ನೆನಪಿರಬೇಕು. ಮಿಸ್ಸಿ ಸ್ವತಃ ಪ್ರೊಡ್ಯೂಸರ್ ಎಂಬುದು ಮಾತ್ರ ಹೆಚ್ಚಿನವರಿಗೆ ನೆನಪಿರುವುದಿಲ್ಲ.

ಲಾರಿನ್ ಹಿಲ್ ನನ್ನ ಮೆಚ್ಚಿನ ಗಾಯಕಿ. 1998ರ ಅವರ ಆಲ್ಬಂ ಮರುವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಎನಿಸಿಕೊಂಡಿತು. ಹಿಪ್‌ಹಾಪ್ ಆಲ್ಬಂ ಒಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಆದರೆ ಅದರ ರಚನೆಯಲ್ಲಿ ದುಡಿದ ಸಂಗೀತಗಾರರ ಗುಂಪೊಂದು ತಮಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿತು, 2001ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಭಿಮಾನಿಯಾದ ನಾನು ಈ ಭಾಗವನ್ನು ಬಿಟ್ಟು ಮೊದಲಿನದನ್ನಷ್ಟೇ ಬರೆದರೆ ತಮ್ಮ ಲೇಖಕರಿಗೂ ನನಗೂ ವ್ಯತ್ಯಾಸ ಇರುವುದಿಲ್ಲ.

ಇನ್ನು ಪ್ರೊಡ್ಯೂಸರ್‌ಗಳೇನೂ ಸಾಚಾಗಳಲ್ಲ. ಅವರು ಯಾರ ತುಣುಕನ್ನು ಎತ್ತಿದರೋ ಅವರ ಗತಿ ಇನ್ನೂ ಕಷ್ಟದ್ದು. ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ಒಂದು ಸಣ್ಣ ತುಣುಕು ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೆನ್ನೆಲುಬಾಯಿತು; 2017ರಲ್ಲಿ ತೀರಿಕೊಂಡ ಅವರಿಗೆ ಅದರಿಂದ ದಕ್ಕಿದ್ದು ಇಲ್ಲವೆನ್ನುವಷ್ಟು. 1969ರಲ್ಲಿ ವಿನ್‌ಸ್ಟನ್ಸ್ ತಂಡಕ್ಕಾಗಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಸುಮಾರು ಏಳು ಸೆಕೆಂಡಿನ ಡ್ರಮ್ ಇಡೀ ಜಗತ್ತಿನ ನೃತ್ಯ ಸಂಗೀತವನ್ನು ಸಾಕಿತು, ಅವರು 2006ರಲ್ಲಿ ಸೂರಿಲ್ಲದೆ ತೀರಿಕೊಂಡರು. 1991ರ ಡಿಸೆಂಬರ್‌ನಲ್ಲಿ ಇನ್ನೊಬ್ಬರ ಹಾಡಿನ ತುಣುಕು ಬಳಸಿದ್ದ ಹಾಡುಗಾರ ಬಿಜ್ ಮಾರ್ಕಿ ಅವರ ಮೇಲಿನ ಮೊಕದ್ದಮೆಯಲ್ಲಿ ನ್ಯೂಯಾರ್ಕ್ ನ್ಯಾಯಾಲಯವು ಕದಿಯಬಾರದೆಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರುಮಾಡಿದ ಮೇಲೆ, ಅನುಮತಿ ಪಡೆಯದೆ ತುಣುಕು ಬಳಸುವ ಧೈರ್ಯ ದೊಡ್ಡ ಕಂಪನಿಗಳಿಗೆ ಉಳಿಯಲಿಲ್ಲ. ಆದರೂ 2002ರಲ್ಲಿ ಡಿಜೆ ಕ್ವಿಕ್ ಅವರು ಲತಾ ಮಂಗೇಶ್ಕರ್ ಅವರ ದನಿಯನ್ನು, ಬಪ್ಪಿ ಲಹಿರಿ ಅವರು 1981ರ ಹಿಂದಿ ಚಿತ್ರವೊಂದಕ್ಕೆ ಮಾಡಿದ ಹಾಡಿನಿಂದ ಎತ್ತಿ ಟ್ರೂಥ್ ಹರ್ಟ್ಸ್ ಎಂಬ ಗಾಯಕಿಗೆ ಹಾಡು ಕಟ್ಟಿಕೊಟ್ಟಾಗ ಲೇಬಲ್ಲಿನಲ್ಲಿ ಬಪ್ಪಿ ಲಹಿರಿ ಅವರ ಹೆಸರಿರಲಿಲ್ಲ. ಹೆಸರು ಸೇರಿಸುವವರೆಗೂ ಆಲ್ಬಂ ಮಾರಬಾರದೆಂದು ಅಮೆರಿಕದ ನ್ಯಾಯಾಲಯ ಆದೇಶಿಸಬೇಕಾಯಿತು.

ಈಗಿನ ಪ್ರೊಡ್ಯೂಸರ್‌ಗಳು ಇದಕ್ಕೆ ತಾವೇ ಮದ್ದು ಕಂಡುಕೊಂಡಿದ್ದಾರೆ. ಹಾಡಿನ ಮೊದಲಲ್ಲಿ ಒಂದು ದನಿ ಅವರ ಹೆಸರನ್ನು ಕೂಗುತ್ತದೆ; ಮೆಟ್ರೊ ಬೂಮಿನ್ ಅವರ ಹೆಸರು ಹೀಗೆಯೇ ಹುಡುಗರ ಬಾಯಿಗೆ ಬಂದದ್ದು. ಬೇರೆಯವರು ಅಚ್ಚು ಹಾಕುವುದಿಲ್ಲವಾದರೆ ಹಾಡಿನ ಮೈಗೇ ಹಚ್ಚೆ ಹಾಕಿಬಿಡುವ ಈ ಉಪಾಯ ನನಗೆ ಒಪ್ಪಿಗೆ. ಇನ್ನೊಂದು ಕಡೆ ಬೀಟ್‌ಗಳು ಇಂಟರ್‌ನೆಟ್ಟಿನಲ್ಲಿ ಚಿಲ್ಲರೆ ವ್ಯಾಪಾರಕ್ಕೆ ನಿಂತಿವೆ. 2019ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಹತ್ತೊಂಬತ್ತು ವಾರ ಮೊದಲ ಸ್ಥಾನದಲ್ಲಿ ಕುಳಿತ ಲಿಲ್ ನಾಸ್ ಎಕ್ಸ್ ಅವರ ಹಾಡಿನ ಬೀಟ್, ಯಂಗ್‌ಕಿಯೊ ಎಂಬ ನೆದರ್ಲೆಂಡ್ಸ್‌ನ ಹುಡುಗ ಮಾಡಿ ಮೂವತ್ತು ಡಾಲರಿಗೆ ಮಾರಿದ್ದು. ಅವನ ಹೆಸರೂ, ಅವನು ತುಣುಕು ಎತ್ತಿದ ನೈನ್ ಇಂಚ್ ನೇಲ್ಸ್ ತಂಡದವರ ಹೆಸರೂ ಹಾಡಿನ ಹಕ್ಕುಪಟ್ಟಿಯಲ್ಲಿ ಸೇರಿದವು ಎಂಬುದಿಷ್ಟೇ ಸಮಾಧಾನ.

ಇದೇ ಚಿಲ್ಲರೆ ಅಂಗಡಿಗೆ ನಮ್ಮೂರಿನವರೂ ಗಿರಾಕಿಗಳು, ಅದೂ ಹೆಚ್ಚಾಗಿ ಪುಕ್ಕಟೆ ಗಿರಾಕಿಗಳು. ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಸ್ಪೀಕರ್ ಕಟ್ಟಿದ್ದಾಗ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ತನ್ನ ತಾತ ಊರುಗೋಲಿನಂತೆ ಹಿಡಿದುಕೊಂಡ ಹಳೆಯ ಹಾಜರಿ ಚೀಟಿಯ ಬಗ್ಗೆ ಅವನು ಬರೆದ ಸಾಲುಗಳು ನಿಜಕ್ಕೂ ಚೆನ್ನಾಗಿದ್ದವು. ಬೀಟ್ ಮಾತ್ರ ಯೂಟ್ಯೂಬಿನಿಂದ ಇಳಿಸಿಕೊಂಡದ್ದು. ಸ್ವಲ್ಪ ಸ್ವಲ್ಪ ಹೊತ್ತಿಗೆ ಅದರ ಒಡೆಯನ ಹೆಸರು ಹೇಳುವ ದನಿ ಬರುತ್ತಿತ್ತು. ‘ಅಣ್ಣಾ, ಆ ದನಿ ಬರ್ತೈತಲ್ಲ, ಅದೊಂದನ್ನ ಕಟ್ ಮಾಡಿಕೊಡ್ರಿ’ ಎಂದ. ಅದು ಬೀಟ್ ಮಾಡಿದವನ ಹೆಸರಪ್ಪಾ ಎಂದೆ. ‘ಫಾರಿನ್‌ನೋನು ಅವ, ದಾವಣಗೆರಿಗೆ ಬಂದು ಕೇಳ್ತಾನೇನ್ರಿ’ ಎಂದು ನಕ್ಕ. ಕಟ್ ಮಾಡುವುದಿಲ್ಲ, ಬೇಕಾದರೆ ವೇದಿಕೆಯಲ್ಲಿ ಹೆಸರು ಹೇಳು ಎಂದೆ. ಹುಡುಗ ಒಳ್ಳೆಯವನು, ಮಾತು ಉಳಿಸಿಕೊಂಡ. ಮೈಕಿನಲ್ಲಿ ತನ್ನ ಹೆಸರನ್ನು ಹೇಳಿ, ‘ಬೀಟು ಇಂಟರ್‌ನೆಟ್ಟಿಂದು’ ಎಂದು ಘೋಷಿಸಿದ. ಅವನನ್ನು ಬೈದು ಏನು ಪ್ರಯೋಜನ? ದೊಡ್ಡವರು ಬರೆಯುವ ಪುರವಣಿಗಳಲ್ಲೇ ಆ ಹೆಸರುಗಳಿಗೆ ಜಾಗವಿಲ್ಲದಿರುವಾಗ ಅವನು ಎಲ್ಲಿಂದ ಕಲಿಯಬೇಕು?

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಬ್ರೋಧಾ ವಿ ಇಂಗ್ಲಿಷ್ ರ‍್ಯಾಪಿಗೆ ನಮ್ಮ ನೆಲದ ಭಜನೆಯ ಧಾಟಿ ಬೆಸೆದು ದಾರಿ ತೋರಿಸಿದರು. ಆಲ್ ಓಕೆ ಎಂದೇ ಹೆಸರಾದ ಅಲೋಕ್ ಮತ್ತು ಚಂದನ್ ಶೆಟ್ಟಿ ಕನ್ನಡದ ರ‍್ಯಾಪನ್ನು ಮದುವೆ ಮನೆಗೆ ತಂದರು. ಇಬ್ಬರ ಸಾಹಿತ್ಯದ ಬಗ್ಗೆ ನನಗೆ ತಕರಾರುಗಳಿವೆ, ಆದರೆ ತಮ್ಮ ಸಂಗೀತವನ್ನು ತಾವೇ ಕಟ್ಟಿಕೊಳ್ಳುವ ಕಷ್ಟ ತೆಗೆದುಕೊಂಡವರು ಎಂಬ ಗೌರವವೂ ಇದೆ. ಮಾತಿನ ಹರಿತಕ್ಕೆ ರಾಹುಲ್ ಡಿಟ್-ಓ ಮತ್ತು ಎಂಸಿ ಬಿಜ್ಜು ನನ್ನ ಆಯ್ಕೆ. ಇವರೆಲ್ಲರದೂ ಬಹುಮಟ್ಟಿಗೆ ಬೆಂಗಳೂರಿನ ಕನ್ನಡ. ದಾವಣಗೆರೆ, ಹರಪನಹಳ್ಳಿ, ಚಳ್ಳಕೆರೆ ಕಡೆಯ ಕುಟ್ಟಿ ನುಡಿಯುವ ಮಾತು ಡ್ರಮ್ಮಿನ ಪೆಟ್ಟಿಗೆ ಇನ್ನೂ ಚೆನ್ನಾಗಿ ಕೂಡುತ್ತದೆಂದು ಆ ಗಿರಣಿ ಹಾಡಿನ ಹುಡುಗನನ್ನು ಕೇಳಿದ ಮೇಲೆ ನನಗೆ ಖಾತ್ರಿಯಾಗಿದೆ.

ತಮ್ಮ ಲೇಖಕರು ನಮ್ಮ ಲಾವಣಿಯೇ ರ‍್ಯಾಪಿನ ತಾಯಿ ಎಂದಿದ್ದಾರೆ. ಕೇಳಲು ಹಿತವಾಗಿದ್ದರೂ ಇದನ್ನು ಒಪ್ಪಲಾಗದು. ಗೀಗೀ ಮೇಳದ ಹರದೇಶಿ-ನಾಗೇಶಿ ವಾದದಲ್ಲಿ ಎದುರಾಳಿಯ ಪ್ರಶ್ನೆಗೆ ಹಾಡಿನಲ್ಲೇ ಉತ್ತರ ಕಟ್ಟುವ ಚಾತುರ್ಯ ರ‍್ಯಾಪ್ ಕಾಳಗಕ್ಕೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ, ನಿಜ. ಆದರೆ ಹಿಪ್‌ಹಾಪ್ ಜೀವ ಇರುವುದು ಮೊದಲೇ ಅಚ್ಚಾದ ಸದ್ದಿನ ಚೂರೊಂದನ್ನು ಎತ್ತಿ ಹೊಸದಾಗಿ ಸುತ್ತಿಸುವುದರಲ್ಲಿ. ಅದನ್ನು ಬ್ರಾಂಕ್ಸ್‌ನ ಬಡ ಕಪ್ಪು ಹುಡುಗರು ಕಂಡುಹಿಡಿದರು, ಕೀರ್ತಿ ಅವರಿಗೇ ಇರಲಿ. ನಾವು ಮಾಡಬಹುದಾದ ಕೆಲಸ ಬೇರೆಯಿದೆ. ಚಿತ್ರದುರ್ಗ ಸೀಮೆಯ ಉರುಮೆ, ಕಾಡುಗೊಲ್ಲರು ಜುಂಜಪ್ಪನ ಕಥನಕ್ಕೆ ನುಡಿಸುವ ಗಣೆ, ವೀರಗಾಸೆಯವರು ಕುಣಿತದ ನಡುವೆ ಹೇಳುವ ಒಡಪು ಇವುಗಳಿಂದ ಬೀಟ್ ಕಟ್ಟುವ ಪ್ರೊಡ್ಯೂಸರ್ ನಮ್ಮಲ್ಲಿ ಹುಟ್ಟಿದರೆ ನಾನು ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಅಂಥವರ ದನಿಯನ್ನು ಎತ್ತಿಕೊಳ್ಳುವವರು ಸ್ಟಬಲ್‌ಫೀಲ್ಡ್ ಅವರಿಗೆ ಆದ ಅನ್ಯಾಯವನ್ನು ಇಲ್ಲಿ ಮತ್ತೆ ಮಾಡಬಾರದು. ನುಡಿಸಿದವರಿಗೆ ಹಣವೂ ಹೋಗಬೇಕು, ಹೆಸರೂ ಹೋಗಬೇಕು.

ಪತ್ರ ದೀರ್ಘವಾಯಿತು, ಕ್ಷಮೆಯಿರಲಿ. ಅಂಕಣದಲ್ಲಿ ಜಾಗ ಸಾಲದಿದ್ದರೆ ಮೇಲಿನದನ್ನೆಲ್ಲ ಕೈಬಿಟ್ಟು ಈ ಕೊನೆಯ ಭಾಗವನ್ನಾದರೂ ಪ್ರಕಟಿಸಬೇಕೆಂದು ವಿನಂತಿ. ಹಾಡೊಂದನ್ನು ಹೆಸರಿಸಿದಾಗಲೆಲ್ಲ ಹಾಡಿದವರ ಹೆಸರಿನ ಪಕ್ಕದಲ್ಲಿ ಬೀಟ್ ಕಟ್ಟಿದವರ ಹೆಸರನ್ನೂ, ತುಣುಕು ಎತ್ತಿದ್ದರೆ ಮೂಲ ಯಾರದೆಂಬುದನ್ನೂ ಪುರವಣಿಯಲ್ಲಿ ಅಚ್ಚು ಹಾಕುವ ಪದ್ಧತಿ ಶುರುವಾಗಲಿ. ಅದಕ್ಕೆ ಹಿಡಿಯುವುದು ಒಂದು ಸಾಲಿನ ಜಾಗ. ಸದ್ಯಕ್ಕೆ ತಮ್ಮ ಪಟ್ಟಿಯಲ್ಲಿದ್ದ ಕೆಲವು ಹಾಡುಗಳ ಮಟ್ಟಿಗೆ ನಾನೇ ಆ ಕೆಲಸ ಮಾಡಿದ್ದೇನೆ. ಜಾತ್ರೆಯ ಮರದ ಬಾವಿಯೊಳಗೆ ಮೋಟಾರು ಓಡಿಸುವ ಆಟವನ್ನು 2024ರಲ್ಲಿ ಜಗತ್ತಿಗೇ ತೋರಿಸಿದ ಹನುಮಾನ್‌ಕೈಂಡ್ ಅವರ ಹಾಡಿನ ಸಂಗೀತ ಕಲ್ಮಿ ಅವರದು. ಡಿವೈನ್ ಮತ್ತು ನೇಜಿ 2015ರಲ್ಲಿ ಮುಂಬೈನ ಗಲ್ಲಿಗಳ ಬಗ್ಗೆ ಹಾಡಿದ ಮೂಲ ಹಾಡನ್ನು ಕಟ್ಟಿದವರು ಸೆಜ್ ಆನ್ ದ ಬೀಟ್. 50 ಸೆಂಟ್ ಅವರ 2003ರ ಕ್ಲಬ್ಬಿನ ಹಾಡು ಡಾ. ಡ್ರೆ ಮತ್ತು ಮೈಕ್ ಎಲಿಜಾಂಡೊ ಅವರದು. ಟೂಪಾಕ್ ಅವರ ಕ್ಯಾಲಿಫೋರ್ನಿಯಾ ಹಾಡೂ ಡ್ರೆ ಅವರದೇ, ಅದರ ಮೂಲ ಧಾಟಿ ಜೋ ಕಾಕರ್ ಅವರದು. ನಾಸ್ ಅವರ ಮೊದಲ ಆಲ್ಬಂನಿಂದ ತಾವು ಆರಿಸಿದ ನ್ಯೂಯಾರ್ಕ್ ಕುರಿತ ಹಾಡಿನ ಬೀಟ್ ಡಿಜೆ ಪ್ರೀಮಿಯರ್ ಅವರದು, ಅದರಲ್ಲಿ ಕೇಳಿಬರುವ ಪಿಯಾನೊ ಜೋ ಚೇಂಬರ್ಸ್ ಅವರ ರೆಕಾರ್ಡಿನದು. ಕೆಂಡ್ರಿಕ್ ಲಮಾರ್ ಅವರಿಗೆ 2025ರಲ್ಲಿ ಐದು ಗ್ರ್ಯಾಮಿ ತಂದುಕೊಟ್ಟ ಹಾಡನ್ನು ಕಟ್ಟಿದವರಲ್ಲಿ ಮುಖ್ಯರು ಮಸ್ಟರ್ಡ್.

ತಮ್ಮ ವಿಶ್ವಾಸಿ,
ಧ್ವನಿವರ್ಧಕ ವ್ಯಾಪಾರಿಯಾದ ಒಬ್ಬ ಓದುಗ
ದಾವಣಗೆರೆ